ಎರಡನೇ ಸಲದ ರಕ್ತ

ಹೊಸೂರು ಬಸ್ ನಿಲ್ದಾಣದ ಹಿಂದಿನ ನರ್ಸಿಂಗ್ ಹೋಮಿನಲ್ಲಿ ರಕ್ತ ತೆಗೆಯುವ ಸುರೇಂದ್ರನ ಕೈಗುಣ ಊರಿಗೆಲ್ಲ ಗೊತ್ತು. ಉದ್ದನಪಲ್ಲಿಯ ರೈತರ ಮಗ, ಕೃಷ್ಣಗಿರಿಯಲ್ಲಿ ಲ್ಯಾಬ್ ಕೋರ್ಸ್ ಮಾಡಿ ಬಂದು ಇಪ್ಪತ್ತೆರಡು ವರ್ಷವಾಯಿತು. ನರವೇ ಸಿಗದ ಮುದುಕಿಯರೂ, ಸೂಜಿ ಕಂಡರೆ ಕಿರುಚುವ ಮಕ್ಕಳೂ ಅವನೇ ಬರಲಿ ಅನ್ನುತ್ತಾರೆ. ಹೊಗಳಿಕೆಗೆ ಹಿಗ್ಗುವ ಆಸಾಮಿ. ಹಿಗ್ಗಲಿ, ಯಾರು ಬೇಡವೆಂದರು? ಆದರೆ ಎಲ್ಲ ಬಲ್ಲೆ ಅಂದುಕೊಂಡವನಿಗೆ ನಿಯಮಗಳೆಲ್ಲ ಬೇರೆಯವರಿಗಾಗಿ ಬರೆದಂತೆ ಕಾಣತೊಡಗುತ್ತವೆ.

ಹೋದ ಜನವರಿಯಲ್ಲಿ ಅವನ ಮಾವ ಚಿನ್ನಸ್ವಾಮಿ ಮಗಳಿಗೆ ಅವರೆಕಾಯಿ ಕೊಡಲು ನಾಟ್ರಾಂಪಾಳ್ಯದಿಂದ ಬಂದರು. ತಾಯಿಯ ತಮ್ಮನೂ ಅವರೇ, ಹೆಣ್ಣು ಕೊಟ್ಟವರೂ ಅವರೇ; ಚಿಕ್ಕಂದಿನಲ್ಲಿ ಸುರೇಂದ್ರನನ್ನು ಹೆಗಲ ಮೇಲೆ ಹೊತ್ತು ತಿರುಗಿದವರು. ಬಸ್ಸಿಳಿಯುವಾಗ ಎದೆ ಹಿಡಿದಂತಾಯಿತು ಎಂದರು. ನರ್ಸಿಂಗ್ ಹೋಮಿಗೆ ಕರೆತಂದು ತೋರಿಸಿದಾಗ ಡಾಕ್ಟರ್ ಲಕ್ಷ್ಮೀಪ್ರಿಯಾಗೆ ಇಸಿಜಿಯಲ್ಲಿ ಏನೂ ಸ್ಪಷ್ಟವಾಗಲಿಲ್ಲ. ಬೆಳಿಗ್ಗೆ ಹತ್ತಕ್ಕೆ ಒಮ್ಮೆ, ಮಧ್ಯಾಹ್ನ ಒಂದಕ್ಕೆ ಇನ್ನೊಮ್ಮೆ ರಕ್ತ ತೆಗೆದು ಟ್ರೋಪೋನಿನ್ ನೋಡಿ ಎಂದು ಬರೆದರು.

ಹೃದಯದ ಸ್ನಾಯುವಿಗೆ ಪೆಟ್ಟು ಬಿದ್ದರೆ ಈ ಟ್ರೋಪೋನಿನ್ ಸೋರಿ ರಕ್ತಕ್ಕೆ ಬರುತ್ತದೆ. ಆದರೆ ಕೂಡಲೇ ಬರುವುದಿಲ್ಲ. ಹಾಗಾಗಿ ಮೊದಲ ಅಂಕಿ ಕಡಿಮೆಯಿದ್ದರೆ ನಂಬುವಂತಿಲ್ಲ. ಮೂರು ಗಂಟೆಯಲ್ಲಿ ಅದು ಎಷ್ಟು ಏರಿತು ಎಂಬುದೇ ಪೆಟ್ಟಿನ ಆಳವನ್ನು ಹೇಳುತ್ತದೆ. ಹೊಸಬರಿಗೆ ಈ ಪಾಠ ಹೇಳುತ್ತಿದ್ದವನು ಸುರೇಂದ್ರನೇ.

ಮೊದಲ ಸಲ ಹನ್ನೊಂದು ಬಂತು. ಅದು ಮಿತಿಯೊಳಗೇ ಇತ್ತು.

ಹೊಲದಲ್ಲಿ ಹಾವು ಕಂಡರೂ ಹೆದರದ ಚಿನ್ನಸ್ವಾಮಿಗೆ ಸೂಜಿ ಅಂದರೆ ಕಣ್ಣು ಕತ್ತಲೆ. ಆ ಒಂದು ಚುಚ್ಚಿಗೇ ಬೆವೆತು ಬೆಂಚಿಗೆ ಒರಗಿದ್ದರು.

"ಇನ್ನೊಂದ್ಸಲ ಚುಚ್ಬ್ಯಾಡ ಕಣ್ಲಾ. ಒಂದೂವರೆ ಬಸ್ಸು ತಪ್ಪೋದ್ರೆ ಕತ್ಲಾಯ್ತದೆ. ನಮ್ ದಾರೀಲಿ ಆನೆ ಕಾಟ, ನಿಂಗೇ ಗೊತ್ತಲ್ಲ."

"ಆಯ್ತು ಮಾವ, ನೀವು ಕುಂತ್ಕಳಿ. ನಾನ್ ನೋಡ್ಕತೀನಿ," ಎಂದ ಸುರೇಂದ್ರ.

ನೋಡಿಕೊಂಡದ್ದು ಹೀಗೆ. ಹತ್ತು ಗಂಟೆಯ ಟ್ಯೂಬಿನಲ್ಲಿ ಉಳಿದಿದ್ದ ರಕ್ತವನ್ನೇ ಒಂದು ಗಂಟೆಗೆ ಮತ್ತೆ ಯಂತ್ರಕ್ಕೆ ಕೊಟ್ಟ. ಹನ್ನೆರಡು ಬಂತು. ಅದೇ ರಕ್ತ, ಇನ್ನೇನು ಬಂದೀತು? ರಕ್ತ ತೆಗೆದ ಹೊತ್ತು ಒಂದು ಗಂಟೆ ಎಂದು ಬರೆದು ರಿಪೋರ್ಟು ಕಳಿಸಿದ. ಕೆಟ್ಟ ಬುದ್ಧಿಯಿಂದಲ್ಲ, ಮಾವನಿಗೆ ನೋವಾಗಬಾರದೆಂಬ ಪ್ರೀತಿಯಿಂದ. ಅಂಥ ಪ್ರೀತಿಗೆ ಬೆಂಕಿ ಬೀಳಲಿ.

ಅಂಕಿ ಏರಿಲ್ಲವೆಂದು ಡಾಕ್ಟರು ವಾರ ಬಿಟ್ಟು ಬರಲು ಹೇಳಿದರು. ಬಸ್ಸು ಡೆಂಕಣಿಕೋಟೆ ಮುಟ್ಟುವಷ್ಟರಲ್ಲಿ ಚಿನ್ನಸ್ವಾಮಿ ಸೀಟಿನಿಂದ ಕುಸಿದರು. ಡ್ರೈವರ್ ಬಸ್ಸನ್ನೇ ಆಸ್ಪತ್ರೆಗೆ ತಿರುಗಿಸಿದ. ಅಲ್ಲಿಂದ ಆಂಬುಲೆನ್ಸಿನಲ್ಲಿ ದೊಡ್ಡಾಸ್ಪತ್ರೆಗೆ ಸಾಗಿಸಿದರು. ಅಲ್ಲಿ ನೋಡಿದಾಗ ಟ್ರೋಪೋನಿನ್ ಮೂರು ಸಾವಿರ ದಾಟಿತ್ತು. ಸ್ಟೆಂಟ್ ಹಾಕಿ ಜೀವ ಉಳಿಸಿದರು, ಹೃದಯದ ಶಕ್ತಿ ಮಾತ್ರ ಅರ್ಧಕ್ಕಿಳಿಯಿತು.

ಬೈಗುಳವೆಲ್ಲ ಲಕ್ಷ್ಮೀಪ್ರಿಯಾ ಪಾಲಿಗೆ. ಸುರೇಂದ್ರನ ಹೆಂಡತಿ ನಾಗವೇಣಿ ನರ್ಸಿಂಗ್ ಹೋಮಿನ ಬಾಗಿಲಲ್ಲೇ ನಿಂತು, "ಎದೆನೋವು ಅಂದೋರ್ನ ಬಸ್ ಹತ್ತಿಸ್ಬುಟ್ರಲ್ಲ, ನೀವೇನ್ ಡಾಕ್ಟ್ರಮ್ಮ?" ಎಂದು ಕೂಗಾಡಿದಳು. ಡಾಕ್ಟರು ಎರಡೂ ರಿಪೋರ್ಟು ಹಿಡಿದುಕೊಂಡು, "ಏರಿರಲಿಲ್ಲಮ್ಮ. ಎಲ್ಲಿ ತಪ್ಪಿದ್ನೋ ಗೊತ್ತಾಗ್ತಿಲ್ಲ. ಕ್ಷಮಿಸಿ," ಎಂದರು. ಪಕ್ಕದಲ್ಲೇ ಇದ್ದ ಸುರೇಂದ್ರ ತುಟಿ ಬಿಚ್ಚಲಿಲ್ಲ. ನಾಚಿಕೆಯಾಯಿತು. ನಾಚಿಕೆಯಾಗಿಯೂ ಸುಮ್ಮನಿದ್ದೆನಲ್ಲ ಎಂದು ಇನ್ನಷ್ಟು ನಾಚಿಕೆಯಾಯಿತು. ಆಮೇಲೆ ಯಾರಾದರೂ ಕೈಗುಣ ಹೊಗಳಿದರೆ ತಲೆ ತಗ್ಗಿಸುತ್ತಿದ್ದ, ಜನ ಅದನ್ನೂ ವಿನಯ ಅಂದರು! ಡಾಕ್ಟರೋ, ತಮ್ಮ ಮೇಲೆ ನಂಬಿಕೆ ಕಳೆದುಕೊಂಡು, ಎದೆ ಹಿಡಿದುಕೊಂಡು ಬಂದವರನ್ನೆಲ್ಲ ಬೆಂಗಳೂರಿಗೆ ಕಳಿಸತೊಡಗಿದರು.

ಚಿನ್ನಸ್ವಾಮಿ ಆಸ್ಪತ್ರೆಯಿಂದ ಮಗಳ ಮನೆಗೇ ಬಂದಿದ್ದರು. ತಿಂಗಳಾದ ಮೇಲೆ ಒಂದು ಮಧ್ಯಾಹ್ನ, ನಾಗವೇಣಿ ಮನೆಯಲ್ಲಿಲ್ಲದಾಗ, ಅಳಿಯನನ್ನು ಹತ್ತಿರ ಕರೆದರು.

"ಅವತ್ತು ನೀನು ಚುಚ್ಚಿದ್ದು ಒಂದೇ ಸಲ ಕಣ್ಲಾ ಸುರೇಂದ್ರ."

ಸುರೇಂದ್ರ ಬೀದಿ ಬಾಗಿಲನ್ನು ಮುಂದಕ್ಕೆ ಹಾಕಿ ಬಂದ.

"ಡಾಕ್ಟ್ರಮ್ಮ ನನ್ನ ನೋಡಕ್ಕೆ ಆಸ್ಪತ್ರೆಗೆ ಬಂದಿದ್ರು. ಎಷ್ಟು ಸಲ ರಕ್ತ ತಗುದ್ರು ಅಂತ ಕೇಳುದ್ರು. ಎಲ್ಡು ಸಲ ಅಂದ್ಬುಟ್ಟೆ, ಅಳಿಯನ್ ಮಾನ ಹೋಗ್ಬಾರ್ದು ಅಂತ. ಆಯಮ್ಮ ತಪ್ಪೆಲ್ಲ ತನ್ದೇ ಅನ್ಕಂಡು ಕಣ್ಣೊರಸ್ಕಂಡು ಹೋದ್ರು." ಅಷ್ಟು ಮಾತಿಗೇ ಅವರಿಗೆ ಏದುಸಿರು ಬಂದಿತ್ತು. "ನಿನ್ ಮಾನ ಉಳ್ಸಕ್ಕೆ ನಾನು ಆ ಹೆಣ್ಮಗಳ ಹೆಸ್ರು ಕೆಡ್ಸುದೆ. ಚುಚ್ಬ್ಯಾಡ ಅಂದೋನೂ ನಾನೇ. ಆದ್ರೆ ಹೇಳ್ಬೇಕಾದೋನು ನೀನು."

"ನೀವು ಅವತ್ತೇ ಬೈಬೋದಾಗಿತ್ತು ಮಾವ."

"ಬೈದಿದ್ರೆ ನಿಂಗೆ ಸಲೀಸಾಗ್ಬುಡ್ತಿತ್ತು."

ಸುರೇಂದ್ರ ಚಪ್ಪಲಿ ಮೆಟ್ಟಿ ನೇರ ನರ್ಸಿಂಗ್ ಹೋಮಿಗೆ ಹೋದ. ಡಾಕ್ಟರ ಮೇಜಿನ ಗಾಜಿನ ಕೆಳಗೆ ಆ ಎರಡು ರಿಪೋರ್ಟುಗಳು ಇನ್ನೂ ಇದ್ದವು.

"ಮೇಡಂ, ಎರಡನೇ ಸಲ ನಾನು ರಕ್ತ ತೆಗೀಲೇ ಇಲ್ಲ. ಹತ್ತು ಗಂಟೆ ರಕ್ತಾನೇ ಮತ್ತೆ ಹಾಕ್ದೆ."

ಲಕ್ಷ್ಮೀಪ್ರಿಯಾ ಗಾಜನ್ನೆತ್ತಿ ಎರಡೂ ರಿಪೋರ್ಟು ಹೊರತೆಗೆದರು.

"ನಾನು ಅವರನ್ನೇ ಕೇಳಿದ್ನಲ್ಲ ಸುರೇಂದ್ರ. ಎರಡು ಸಲ ಚುಚ್ಚಿದ್ರು ಅಂದ್ರಲ್ಲ?"

"ಅವರು ನಮ್ಮ ಮಾವ, ಮೇಡಂ," ಎಂದ ಸುರೇಂದ್ರ. ತಲೆ ಎತ್ತಲು ಅವನಿಂದ ಆಗಲಿಲ್ಲ.