ತಳದ ನೀರು

ಬೆಳಗಿನ ನಮಾಜು ಮುಗಿದು ಹೆಚ್ಚು ಹೊತ್ತಾಗಿಲ್ಲ. ಹಾಜೇರಾ ಬೀಬಿ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಕಡಲಂಚಿನ ಹಳ್ಳಿ ಚರ್‌ಖಾಲಿಯ ಕೆರೆಗೆ ತಾಳೆದಿಮ್ಮಿಯ ದೋಣಿ ಇಳಿಸುತ್ತಾರೆ. ನಡುವಿಗೆ ಹೋಗಿ, ಕಲ್ಲು ಕಟ್ಟಿದ ಸೀಸೆಯನ್ನು ಹಗ್ಗದಿಂದ ಕೆಳಗೆ ಬಿಡುತ್ತಾರೆ. ದಡದಲ್ಲಿ ಆಗಲೇ ಕೊಡಗಳ ಸಾಲು. ಸುತ್ತಲಿನ ಏಳು ಕೆರೆಗಳಲ್ಲಿ ಕುಡಿಯಲು ಉಳಿದಿರುವುದು ಇದೊಂದೇ.

"ಏನಂತೆ ಚಾಚಿ ನಿನ್ನ ಕಡ್ಡಿ? ಇವತ್ತಾದ್ರೂ ನಮ್ಮ ಮೇಲೆ ಕರುಣೆ ಇದೆಯಾ?" ಎಂದು ದಡದಿಂದ ಒಬ್ಬಳು ಕೂಗುತ್ತಾಳೆ.

"ಕಡ್ಡಿಗೆ ಕರುಣೆ ಗಿರುಣೆ ಗೊತ್ತಿಲ್ಲ ಕಣೇ. ಕೊಡ ಕೆಳಗಿಟ್ಟು ಸ್ವಲ್ಪ ತಾಳು."

ಕಡ್ಡಿಯೆಂದರೆ ನೀರಿನ ಉಪ್ಪು ತೋರಿಸುವ, ಪೆನ್ನಿನಷ್ಟುದ್ದದ ಯಂತ್ರ. ಲೀಟರಿಗೆ ಒಂದು ಗ್ರಾಂ ದಾಟಿದರೆ ಮೆಟ್ಟಿಲಿಗೆ ಕೆಂಪು ಬಟ್ಟೆ ಕಟ್ಟಬೇಕು. ಆಮೇಲೆ ಆ ನೀರನ್ನು ಯಾರೂ ಕುಡಿಯಕೂಡದು. ನಿನ್ನೆ ಅದು ಒಂದರ ಹೊಸ್ತಿಲಲ್ಲಿತ್ತು.

ಐವತ್ತನಾಲ್ಕರ ಹಾಜೇರಾ ಹನ್ನೊಂದು ವರ್ಷಗಳಿಂದ ಈ ಕೆಲಸದಲ್ಲಿದ್ದಾರೆ. ಏಳು ಕೆರೆ, ಒಡ್ಡಿನ ಮೇಲೆ ದಿನಕ್ಕೆ ಒಂಬತ್ತು ಕಿಲೋಮೀಟರ್ ನಡಿಗೆ. ಹಿಂದೆ ಅವರ ಅತ್ತೆ ನೀರನ್ನು ನಾಲಿಗೆಗೆ ಹಚ್ಚಿಕೊಂಡೇ ತೀರ್ಪು ಕೊಡುತ್ತಿದ್ದರಂತೆ. "ನಾಲಿಗೆಯನ್ನ ನಂಬೋ ಹಾಗಿಲ್ಲಪ್ಪ. ಅದು ಉಪ್ಪಿಗೆ ಒಗ್ಗಿಹೋಗುತ್ತೆ. ನಾವು ಮದುವೆಯಾಗಿ ಬಂದಾಗ ಥೂ ಅಂತ ಉಗಿದ ನೀರನ್ನೇ ಈಗಿನವರು ಸಿಹಿ ಅಂತಾರೆ" ಎನ್ನುತ್ತಾರೆ ಹಾಜೇರಾ.

ಅವರು ಬರೆದ ಅಂಕಿಗಳು ಖುಲ್ನಾಕ್ಕೆ ಹೋಗುತ್ತವೆ, ಅಲ್ಲಿಂದ ಢಾಕಾಕ್ಕೆ, ಅಲ್ಲಿಂದ ಯಾವುದೋ ದೇಶದಲ್ಲಿ ನಡೆಯುವ ಹವಾಮಾನದ ದೊಡ್ಡ ಸಭೆಗೆ. ಜಗತ್ತು ತನ್ನ ಕಷ್ಟವನ್ನು ಅರ್ಥ ಮಾಡಿಕೊಳ್ಳುವುದು ಇಂಥವರ ಕೆಸರುಗಾಲಿನಿಂದಲೇ, ಆದರೆ ಆ ಸಭೆಯಲ್ಲಿ ಹಾಜೇರಾ ಹೆಸರು ಯಾರಿಗೂ ತಿಳಿದಿಲ್ಲ. ನೀರು ಉಪ್ಪಾದ ತಪ್ಪು ಯಾರದೆಂದು ಕೇಳಿದರೆ ಅವರು ನಗುತ್ತಾರೆ. "ಸಮುದ್ರ ಏರ್ತಿದೆ ಅಂತಾರೆ, ನಿಜ. ಮೇಲಿನಿಂದ ಹೊಳೆ ಇಳಿದು ಬರೋದು ಕಮ್ಮಿಯಾಗಿದೆ, ಅದೂ ನಿಜ. ಸಿಗಡಿ ಸಾಕೋಕೆ ಒಡ್ಡು ಕೊರೆದು ಉಪ್ಪುನೀರು ಒಳಗೆ ಬಿಟ್ಟವರು ನಮ್ಮವರೇ. ನನ್ನ ಮಗ ಇಟ್ಟಿಗೆ ಗೂಡಲ್ಲಿ ಕಲ್ಲಿದ್ದಲು ಸುಡ್ತಾನೆ, ಅವನ ಹೊಗೆಯೂ ಇದಕ್ಕೇ ಸೇರುತ್ತಂತೆ. ಯಾರ ಕಡೆ ಬೆರಳು ಮಾಡಲಿ ಹೇಳು?"

ಬೆರಳನ್ನು ತಮ್ಮ ಕಡೆಗೇ ತಿರುಗಿಸಿಕೊಂಡ ಕಥೆಯನ್ನು ಅವರು ತಡೆದು ತಡೆದು ಹೇಳುತ್ತಾರೆ. ಹೋದ ಚೈತ್ರದಲ್ಲಿ ಒಂದು ಮಳೆ ಬಂತು. ಮಳೆನೀರು ಹಗುರ, ಕೆಲವು ದಿನ ಮೇಲೇ ನಿಲ್ಲುತ್ತದೆ, ಉಪ್ಪು ತಳದಲ್ಲಿರುತ್ತದೆ. ತಳದ ನೀರು ಒಂದು ಗ್ರಾಂ ದಾಟಿತ್ತು, ಆದರೂ ಕೆರೆ ಮುಚ್ಚಬೇಡ ಎಂದು ಹೆಂಗಸರು ಕೈಮುಗಿದರು. ಹಾಜೇರಾ ಸೀಸೆಯನ್ನು ತಳಕ್ಕೆ ಬಿಡದೆ ಮೇಲಿನ ನೀರನ್ನೇ ತುಂಬಿ ಅಳೆದರು. ಹೀಗೆ ಮೂರು ವಾರ.

"ಸುಳ್ಳು ಬರೆಯಲಿಲ್ಲ. ಅದೂ ಕೆರೆಯ ನೀರೇ ಅಲ್ವಾ ಅಂತ ನನಗೆ ನಾನೇ ಹೇಳ್ಕೊಂಡೆ."

ಕೊಡಗಳು ಮುಳುಗಿ ಮುಳುಗಿ ಮೇಲಿನದೂ ಕೆಳಗಿನದೂ ಒಂದಾದವು. ಅದನ್ನು ಕುಡಿದವರಲ್ಲಿ ಏಳು ತಿಂಗಳ ಬಸುರಿ ಸೊಸೆ ಮೊಮೆನಾ ಕೂಡ ಇದ್ದಳು. ಕಾಲು ಬಾತವು, ರಕ್ತದೊತ್ತಡ ಏರಿತು, ಫಿಟ್ಸ್ ಬಂತು. ತಾಯಿ ಉಳಿದಳು, ಮಗು ಉಳಿಯಲಿಲ್ಲ. ನೀರೊಂದೇ ಕಾರಣವೆನ್ನಲಾಗದು ಎಂದು ಡಾಕ್ಟರು ಹೇಳಿದರು. ಆ ಮಾತು ಹಾಜೇರಾರ ಸಂಕಟವನ್ನು ಸಾಸಿವೆಯಷ್ಟೂ ಇಳಿಸಿಲ್ಲ. ನಡೆದದ್ದನ್ನು ಅವರೇ ಸೊಸೆಯೆದುರು ಒಪ್ಪಿಕೊಂಡರು. ಮೊಮೆನಾ ಬೈಯಲಿಲ್ಲ, ಗೋಡೆ ಕಡೆ ತಿರುಗಿ ಮಲಗಿದಳು.

ಇವತ್ತು ಸೀಸೆ ತಳ ಮುಟ್ಟಿದೆ. ಕಡ್ಡಿ ಒಂದೂ ಕಾಲು ತೋರಿಸುತ್ತದೆ. ಹಾಜೇರಾ ಎರಡು ಬಾರಿ ನೋಡಿ, ಬರೆದು, ಮೆಟ್ಟಿಲ ಕಂಬಕ್ಕೆ ಕೆಂಪು ಬಟ್ಟೆ ಬಿಗಿಯುತ್ತಾರೆ.

"ನಮ್ಮ ಹೊಟ್ಟೆ ಮೇಲೆ ಹೊಡೆದೆಯಲ್ಲ ಚಾಚಿ! ಇನ್ನು ಮಕ್ಕಳಿಗೆ ಏನು ಕುಡಿಸೋಣ, ನಿನ್ನ ಕಡ್ಡಿನಾ?" ಎಂದು ಹಿಂದಿನಿಂದ ಶಾಪ ಬೀಳುತ್ತದೆ. ಅವರು ಹಗ್ಗ ಸುತ್ತಿಕೊಂಡು ಮನೆಯತ್ತ ಹೊರಡುತ್ತಾರೆ. ಮುಂದಿನ ಕುಡಿಯುವ ನೀರು ಹೊಳೆಯಾಚೆ.

ಮನೆ ಬಾಗಿಲಲ್ಲಿ ಮೊಮೆನಾ ನಿಂತಿದ್ದಾಳೆ. ಈಗ ಮತ್ತೆ ನಾಲ್ಕು ತಿಂಗಳು.

"ಅಮ್ಮಾ, ಮೇಲಿನದಾ, ತಳದ್ದಾ?"

"ತಳದ್ದು ಮಗಳೇ."

ಸೊಸೆ ಬರಿಗೊಡ ಸೊಂಟಕ್ಕೇರಿಸಿ ಹೊಳೆ ದಾಟುವ ಕಡವಿನ ದಾರಿ ಹಿಡಿಯುತ್ತಾಳೆ. ಹಾಜೇರಾ ಅತ್ತ ನೋಡುತ್ತಲೇ ಹೇಳುತ್ತಾರೆ: "ದಿನಾ ಕೇಳ್ತಾಳೆ. ಕೇಳಲಿ, ಅವಳ ಹಕ್ಕು. ದೊಡ್ಡ ಸಭೆಯವರು ನನ್ನ ಅಂಕಿ ನಂಬ್ತಾರಂತೆ. ಇವಳು ಒಂದೇ ಒಂದು ದಿನ ಕೇಳದೆ ನಂಬಿದ್ರೆ ಸಾಕು ನನಗೆ."