ಕೆಸಿಯಾ ಅತ್ತೆಯ ಬಿಸಿ ಮರಳು

ಪ್ರವಾಸಿಗರ ದೋಣಿ ನಡೆಸುವ ಕೆಲಸ ಸಿಕ್ಕಿ ಸಾವೊ ದ್ವೀಪಕ್ಕೆ ಬಂದ ಮೊದಲ ಬೆಳಿಗ್ಗೆಯೇ ನಾನೊಂದು ಜೀವ ಉಳಿಸಿದೆ. ಅಂದರೆ, ಹಾಗೆಂದುಕೊಂಡೆ. ದಂಡೆಯ ಮರಳಗುಂಡಿಯೊಂದರಿಂದ ಎರಡು ಕಾಲು ಮಾತ್ರ ಹೊರಗಿದ್ದವು. ಕಿರುಚುತ್ತ ಓಡಿ, ಪಾದ ಹಿಡಿದು ಎಳೆದೆ. ಹೊರಬಂದ ಹೆಂಗಸು ಬಾಯಿಯ ಮರಳನ್ನು ಉಗಿದು, ಆಮೇಲೆ ನನಗೂ ಉಗಿದಳು.

"ಮೊಟ್ಟೆ ಕೈಗೆ ಸಿಕ್ಕಿತ್ತಲ್ಲೋ ಮುಠ್ಠಾಳ! ನಿಮ್ಮೂರಲ್ಲಿ ಹೆಂಗಸರನ್ನ ಮಾತಾಡ್ಸೋದು ಕಾಲು ಹಿಡಿದು ಎಳೆದಾ?"

ಅವಳೇ ಕೆಸಿಯಾ, ಊರಿಗೆಲ್ಲ ಅತ್ತೆ. ಬೆಟ್ಟದೊಳಗಿನ ಬೆಂಕಿ ನಮ್ಮ ದಂಡೆಯನ್ನು ಬೆಚ್ಚಗಿಡುತ್ತದೆ. ನಸುಕಿನಲ್ಲಿ ಕಾಡಿನ ಹಕ್ಕಿಗಳು ಇಳಿದು ಬಂದು ಮೊಟ್ಟೆಯನ್ನು ಆಳದಲ್ಲಿ ಹೂತು ಹೋಗುತ್ತವೆ. ಕಾವು ಕೊಡುವುದು ಮರಳಿನ ಪಾಲು. ದಂಡೆಯಲ್ಲಿ ಅತ್ತೆಯ ತುಂಡು ನೆಲ ಅವಳಿಗೆ ತಾಯಿಯಿಂದ ಬಂದದ್ದು, ತಾಯಿಗೆ ಅಜ್ಜಿಯಿಂದ. ಇಲ್ಲಿ ನೆಲ ನಡೆಯುವುದೇ ಹೆಣ್ಣಿನ ದಾರಿಯಲ್ಲಿ. ಮೊಟ್ಟೆ ಕಡಿಮೆಯಾದ ವರ್ಷ ಅವಳು ಬೇಲಿಯ ಗೂಟಕ್ಕೆ ತೆಂಗಿನ ಗರಿ ಕಟ್ಟುತ್ತಾಳೆ. ಅದನ್ನು ಬಿಚ್ಚುವವರೆಗೆ ಯಾರೂ ಅಗೆಯುವಂತಿಲ್ಲ, ಅವಳೂ. ಅವಳ ಮನೆಯಲ್ಲೂ ಆಗ ಬರೀ ಮರಗೆಣಸು.

ಈ ಸಲ ಗರಿ ಕಟ್ಟಿದ ಮೇಲೆ ನಾನು ದೋಣಿ ನಡೆಸುವ ವಸತಿಗೃಹಕ್ಕೆ ಅತಿಥಿಗಳು ಬಂದರು. ಮೊಟ್ಟೆ ಅಗೆಯುತ್ತಿರುವ ಫೋಟೊ ಬೇಕಂತೆ. ಗರಿ ಕಿತ್ತು ಬಾ ಎಂದು ರಾಜಧಾನಿ ಹೊನಿಯಾರಾದಿಂದ ಬಂದ ವಸತಿಗೃಹದ ಒಡೆಯ ಲೋನ್ಸಿ ನನಗೆ ಹೇಳಿದ. ಧೈರ್ಯದಲ್ಲಿ ನಾನು ಚಿಪ್ಪಿನೊಳಗಿನ ಏಡಿಯ ಜಾತಿ. ಹೊಟ್ಟೆನೋವು ಎಂದು ಮುಲುಗಿದೆ. ಅತ್ತೆಯ ತಮ್ಮ ಬಾರ್ನಬಾಸನೇ ಕಿತ್ತುಕೊಟ್ಟ. ಊರ ಹಿರಿಯನಂತೆ, ಹಿರಿಯ!

ನಾನು ದಂಡೆಗೆ ಹೋಗುವಷ್ಟರಲ್ಲಿ, ಕೈಯಿಂದ ತೋಡುವ ಮರಳಿಗೆ ಅತಿಥಿಗಳು ಸಲಿಕೆ ಹಾಕಿದ್ದರು. ಹಂದಿ ಹೊಕ್ಕ ಗೆಣಸಿನ ತೋಟವೂ ಅಷ್ಟು ಹಾಳಾಗಿರುವುದಿಲ್ಲ. ಒಡೆದ ಚಿಪ್ಪುಗಳಲ್ಲಿ ಪುಕ್ಕ ಮೂಡಿದ್ದ ಮರಿಗಳು ಸತ್ತಿದ್ದವು. ತಿನ್ನುವುದಕ್ಕಾದರೂ ಅಗೆದಿದ್ದರೆ ಹಸಿವೆಂದು ಸುಮ್ಮನಾಗಬಹುದಿತ್ತು. ಒಬ್ಬರೂ ಒಂದು ಮೊಟ್ಟೆ ಬಾಯಿಗಿಡಲಿಲ್ಲ. ವಾಸನೆಯಂತೆ! ಹಲ್ಲು ಕಿರಿದು ಫೋಟೊ ತೆಗೆಸಿಕೊಂಡು, ಇನ್ನೊಂದು ಗುಂಡಿಗೆ ಹೊರಟಿದ್ದರು.

ಅತ್ತೆ ಬಂದಳು. ಊರೂ ಹಿಂದೆಯೇ ಬಂತು. ಬಿದ್ದಿದ್ದ ಗರಿಯನ್ನು ಗೂಟಕ್ಕೆ ಬಿಗಿದು, ಸಲಿಕೆಯ ಎದುರಿಗೇ ಕೂತಳು.

"ಅಗೀರಿ, ನನ್ನ ತೊಡೆಯಿಂದಲೇ ಶುರು ಮಾಡಿ."

"ಏಳಮ್ಮ," ಎಂದ ಲೋನ್ಸಿ. "ಹಕ್ಕಿ ಏನು, ಮತ್ತೆ ಇಡುತ್ತೆ."

"ಬೆಟ್ಟ ಸಿಡಿದು ನಮ್ಮ ಹಿರೀಕರನ್ನೆಲ್ಲ ಸುಟ್ಟಾಗಲೂ ಹಕ್ಕಿ ವಾಪಸ್ ಬಂತು. ನಿನ್ನ ಸಲಿಕೆ ನೋಡಿದ್ರೆ ಬರಲ್ಲ. ನನ್ನ ಹುಡುಗೀರು ಏನು ನಿನ್ನ ಫೋಟೊ ಬೇಯಿಸಿ ತಿನ್ನಬೇಕಾ?"

ಬಾರ್ನಬಾಸ ತನ್ನ ಕಾಲ್ಬೆರಳುಗಳನ್ನೇ ನೋಡುತ್ತ ನಿಂತಿದ್ದ. ಲೋನ್ಸಿ ಅವನ ಹೆಗಲ ಮೇಲೆ ಕೈಯಿಟ್ಟು, ಊರಿಗೆಲ್ಲ ಕೇಳುವಂತೆ ಕೇಳಿದ: "ಒಡಹುಟ್ಟಿದ ತಮ್ಮನೇ ಮನಸ್ಸು ತುಂಬಿ ಒಪ್ಪಿದಾನೆ. ಅವನಿಗಿರೋ ದೊಡ್ಡ ಮನಸ್ಸು ನಿನಗ್ಯಾಕಿಲ್ಲ?"

ಅತ್ತೆ ತಮ್ಮನ ಕಡೆ ತಿರುಗಿಯೂ ನೋಡಲಿಲ್ಲ.

"ಅವನ ಮಕ್ಕಳಿಗೆ ಇದರಲ್ಲಿ ಒಂದು ಹಿಡಿ ಮರಳೂ ಬರಲ್ಲ. ಅದಕ್ಕೇ ಅವನ ಕೈ ಅಷ್ಟು ಧಾರಾಳ."