ಕೊಯಮತ್ತೂರಿಗೆ ಹೋಗಿ ಅಂದರು

ಯಳಂದೂರಿನಲ್ಲಿ ಬಸ್ಸು ಹತ್ತಿದರೆ ಮುಡಿದ ಹೂವು ಬಾಡುವುದರೊಳಗೆ ಕೊಳ್ಳೇಗಾಲದಲ್ಲಿ ಇಳಿಯಬಹುದು. ಆದರೆ ಆಗ, ಏಕೀಕರಣಕ್ಕೆ ಮುಂಚೆ, ಯಳಂದೂರು ಮೈಸೂರಿಗೆ ಸೇರಿತ್ತು, ಕೊಳ್ಳೇಗಾಲ ಮದರಾಸಿಗೆ, ಕೊಯಮತ್ತೂರು ಜಿಲ್ಲೆಯ ಒಂದು ತಾಲ್ಲೂಕಾಗಿ. ನಾನು ಯಳಂದೂರಿನ ಮಗಳು, ಕೊಳ್ಳೇಗಾಲದ ಸೊಸೆ. ಈ ಎರಡರ ನಡುವೆ ನನ್ನ ಕೆಲಸ ಹೋಯಿತು. ಅದನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಪ್ರಾಣಿಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿ ಮೈಸೂರಿನ ಕಡೆ ಒಂದು ರೇಷ್ಮೆ ಪ್ರಯೋಗಾಲಯದಲ್ಲಿ ಸಹಾಯಕಿಯಾಗಿದ್ದೆ. ಮೊಟ್ಟೆಯಿಟ್ಟ ಚಿಟ್ಟೆಯನ್ನು ಅರೆದು, ಆ ರಸದ ಒಂದು ತೊಟ್ಟನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟು, ತಾಯಿಯಿಂದ ಮೊಟ್ಟೆಗೂ ಹರಡುವ ಗಂಟುರೋಗ ಇದೆಯೇ ಇಲ್ಲವೇ ಎಂದು ನೋಡುವುದು ನನ್ನ ಕೆಲಸ. ರೋಗ ಕಂಡರೆ ಆ ಚಿಟ್ಟೆಯ ಮೊಟ್ಟೆಗಳನ್ನು ಸುಟ್ಟುಬಿಡುತ್ತಿದ್ದೆವು. ನನ್ನ ಕಣ್ಣು ತಪ್ಪಿದರೆ ಯಾವುದೋ ಊರಿನ ಮನೆಯಲ್ಲಿ ತಟ್ಟೆ ತಟ್ಟೆ ಹುಳು ಸಾಯುತ್ತದೆ ಎಂಬ ಭಯ ಸದಾ ಇರುತ್ತಿತ್ತು. ಆ ಭಯವೂ ನನಗೆ ಇಷ್ಟವಾಗಿತ್ತು.

ಮದುವೆಯಾಯಿತು. ಗಂಡ ಕೊಳ್ಳೇಗಾಲದ ಒಂದು ಹೈಸ್ಕೂಲಿನಲ್ಲಿ ಮೇಷ್ಟ್ರು. ಕೊಳ್ಳೇಗಾಲವೂ ರೇಷ್ಮೆಯ ಊರೇ ತಾನೇ, ಅಲ್ಲೇ ಏನಾದರೂ ಸಿಕ್ಕೀತು ಎಂದುಕೊಂಡು ಕೆಲಸ ಬಿಟ್ಟು ಬಂದೆ. ಬಂದು ವಿಚಾರಿಸಿದರೆ, ಇದು ಮದರಾಸು ಸರ್ಕಾರದ ಕೆಲಸ, ಮೈಸೂರಿನವರಿಗೆ ಇಲ್ಲ ಎಂದರು. ನಾನು ಈಗ ಇಲ್ಲಿಯವಳೇ ಎಂದೆ. ಅಲ್ಲಿದ್ದ ಅಧಿಕಾರಿ ಬಹಳ ಮರ್ಯಾದೆಯಿಂದಲೇ, ನನಗೆ ತಮಿಳು ಓದಲು ಬರೆಯಲು ಬರುತ್ತದೆಯೇ ಎಂದು ಕೇಳಿದರು. ಹುಳಕ್ಕೆ ತಮಿಳು ಬರುತ್ತದೆಯೇ ಎಂದು ನಾನೂ ಕೇಳಿದೆ. ಅಲ್ಲಿಗೆ ಆ ಬಾಗಿಲು ಮುಚ್ಚಿತು. ಮನೆಗೆ ಬಂದು ಅಕ್ಕಿ ಆರಿಸುತ್ತ ಕೂತೆ. ಅಕ್ಕಿಯಲ್ಲಿ ಕಲ್ಲು ಹುಡುಕುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ಅತ್ತೆ ಊರೆಲ್ಲ ಹೇಳಿಕೊಂಡು ಬಂದರು.

ಹೀಗಿರುವಾಗ ನನ್ನವರ ಶಾಲೆಯಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿದ ಒಬ್ಬ ಹುಡುಗಿಯನ್ನು ಅವಳ ಅಪ್ಪ ನಮ್ಮ ಮನೆಗೆ ಕರೆತಂದರು. ಕೊಳ್ಳೇಗಾಲದ ಹತ್ತಿರದ ಮುಳ್ಳೂರಿನವರು, ಸಣ್ಣ ಹಿಡುವಳಿ. ಹುಡುಗಿ ವಿಜ್ಞಾನದಲ್ಲಿ ಶಾಲೆಗೇ ಮುಂದು ಎಂದು ನನ್ನವರು ಆಗಾಗ ಹೇಳುತ್ತಿದ್ದರು. ಅಪ್ಪ ಜಗಲಿಯ ಕೆಳಗೇ ನಿಂತಿದ್ದರು. ಮೇಲೆ ಬನ್ನಿ ಎಂದರೂ ಬರಲಿಲ್ಲ.

"ಅಮ್ಮಾವ್ರೆ, ನಾನು ಒಲ ಉಳೋನು. ಇವ್ಳು ಮುಂದಕ್ಕೆ ಓದ್ತೀನಿ ಅಂತಾವ್ಳೆ. ಎಲ್ಗೆ ಓಗ್ಬೇಕು, ಏನ್ ಕೇಳ್ಬೇಕು ಅಂತ ನಮ್ಗೆ ಯೋಳೋರಿಲ್ಲ. ನೀವು ಓದಿರೋರು," ಎಂದರು.

ಓದಿರೋರು ಎಂಬ ಮಾತನ್ನು ಕೇಳಿ ಎಷ್ಟು ದಿನವಾಗಿತ್ತೋ. ಹುಡುಗಿಯನ್ನು ಒಳಗೆ ಕೂರಿಸಿಕೊಂಡು ಏನು ಓದಬೇಕೆಂದಿದ್ದೀಯ ಎಂದೆ. ರೋಗ ಯಾಕೆ ಬರುತ್ತದೆ ಎಂದು ಓದಬೇಕು ಎಂದಳು. ಹಾಗಿದ್ದರೆ ಇಂಟರ್‌ಮೀಡಿಯೆಟ್‌ನಲ್ಲಿ ರಸಾಯನಶಾಸ್ತ್ರ, ಜೀವಶಾಸ್ತ್ರ ಇರುವ ವಿಭಾಗವನ್ನೇ ಕೇಳಬೇಕು, ಬೇರೆ ಯಾವುದು ಕೊಟ್ಟರೂ ಮುಂದೆ ದಾರಿಯಿಲ್ಲ ಎಂದು ಬಿಡಿಸಿ ಹೇಳಿದೆ. ಕೊಯಮತ್ತೂರಿನ ಕಡೆ ಹೋದರೆ ಸುತ್ತ ತಮಿಳು, ಅವಳಿಗೆ ಒಂದಕ್ಷರ ಬಾರದು. ಮೈಸೂರೇ ಸರಿ ಎಂದು ತೀರ್ಮಾನಿಸಿದೆವು. ಅರ್ಜಿಯನ್ನು ಅವಳ ಕೈಯಲ್ಲೇ ಬರೆಸಿದೆ. ಕೇಳಿದ ಪ್ರಶ್ನೆಗೆ ತಲೆಯೆತ್ತಿ ಉತ್ತರ ಹೇಳುವುದನ್ನು ಕಲಿಸಿದೆ. ಸಂದರ್ಶನಕ್ಕೆ ಕರೆ ಬಂದಾಗ ಅಪ್ಪ, ಮಗಳು, ನಾನು ಮೂವರೂ ಹೊರಟೆವು.

ಕಾಲೇಜಿನಲ್ಲಿ ಮೇಜಿನ ಹಿಂದೆ ಕೂತವರು ಅವಳ ಅಂಕಗಳನ್ನು ನೋಡಿ ತಲೆದೂಗಿದರು. ಆಮೇಲೆ ಊರಿನ ಹೆಸರು ನೋಡಿದರು. ಮುಖ ಬದಲಾಯಿತು.

"ಇದು ಮದರಾಸಿನ ಹುಡುಗಿ. ಕೊಯಮತ್ತೂರಿಗೆ ಹೋಗಿ."

ಕನ್ನಡದಲ್ಲೇ ಹುಟ್ಟಿ ಕನ್ನಡದಲ್ಲೇ ಓದಿದವಳು ಎಂದೆ. ಅದು ತಮಗೆ ಸಂಬಂಧಿಸಿದ್ದಲ್ಲ ಎಂದರು. ನನ್ನನ್ನು ಅಲ್ಲಿ ತಮಿಳು ಕೇಳಿ ಕಳಿಸಿದರು, ಇವಳನ್ನು ಇಲ್ಲಿ ಮದರಾಸು ಎಂದು ಕಳಿಸುತ್ತಿದ್ದೀರಿ, ಹಾಗಾದರೆ ನಾವು ಯಾರವರು ಎಂದು ದನಿಯೇರಿಸಿ ಕೇಳಿಬಿಟ್ಟೆ. ಹೊರಗೆ ಕಾಯುತ್ತಿದ್ದವರು ಬಾಗಿಲಲ್ಲಿ ಇಣುಕಿದರು. ಕೊನೆಗೆ ಆ ಮನುಷ್ಯ, ಮೈಸೂರು ಸೀಮೆಯಲ್ಲಿ ಮನೆಯಿರುವ ಒಬ್ಬರು ಹುಡುಗಿಯ ಜವಾಬ್ದಾರಿ ಹೊತ್ತು ಸಹಿ ಹಾಕಿಕೊಟ್ಟರೆ ನೋಡೋಣ ಎಂದರು.

ಅಲ್ಲಿಂದ ನೇರವಾಗಿ ಯಳಂದೂರಿಗೆ, ನನ್ನ ತವರಿಗೆ ಬಂದೆವು. ನನ್ನ ಅಪ್ಪ ಹಿಂದೆಯೇ ತೀರಿಕೊಂಡಿದ್ದರು. ಅಣ್ಣ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ. ಅವನು ಇಂಟರ್‌ಮೀಡಿಯೆಟ್‌ಗೇ ನಿಂತ, ನಾನು ಮುಂದೆ ಹೋದೆ. ಅದನ್ನು ಅವನು ಮರೆತಿರಲಿಲ್ಲ. ಸಹಿ ಹಾಕಿಕೊಡು ಎಂದೆ. ಯಾರದೋ ಮಗಳು, ನಾಳೆ ಹೆಚ್ಚುಕಡಿಮೆಯಾದರೆ ನನ್ನ ಹೆಸರು ಹಾಳಾಗುತ್ತದೆ, ಆಗುವುದಿಲ್ಲ ಎಂದ. ನಾನು ಬಿಡದೆ ಕೇಳಿದೆ. ಆಗ ಆ ಹುಡುಗಿಯ ಎದುರಿಗೇ ಹೇಳಿದ.

"ನೀನು ಅಷ್ಟು ಓದಿ ಏನ್ ಮಾಡ್ದೆ? ಒಲೆ ಮುಂದೆ ತಾನೇ ಕೂತಿರೋದು? ಇವ್ಳೂ ಅಲ್ಲೇ ಕೂರೋದು. ಅದಕ್ಯಾಕೆ ಮೈಸೂರು?"

ಕೈಯಲ್ಲಿದ್ದ ನೀರಿನ ಲೋಟವನ್ನು ಎಷ್ಟು ಜೋರಾಗಿ ಕುಕ್ಕಿದೆನೆಂದರೆ ನೀರು ಅವನ ಪಂಚೆಯ ಮೇಲೆ ಹಾರಿತು. ಒಳಗಿದ್ದ ಅಮ್ಮ ಈಚೆ ಬಂದರು. ಅವರು ಶಾಲೆ ಕಂಡವರಲ್ಲ. ಹೆಸರು ಬರೆಯುವುದನ್ನು ಮಾತ್ರ ಅಪ್ಪ ಕಲಿಸಿದ್ದರು.

"ಮನೆ ನನ್ ಹೆಸ್ರಲ್ಲಿ ಅದೆ. ಎಲ್ಲಿ ಬರೀಬೇಕು ತೋರ್ಸು," ಎಂದರು.

ಅಣ್ಣ ಎದ್ದು ಹೋದ. ಅಮ್ಮ ನೆಲದ ಮೇಲೆ ಕೂತು, ಒಂದೊಂದೇ ಅಕ್ಷರ ಜೋಡಿಸಿ ಸಹಿ ಹಾಕಿದರು. ಹುಡುಗಿಯ ಅಪ್ಪ ಅವರಿಗೆ ಕೈಮುಗಿದರು.

ಆ ಕಾಗದ ತೆಗೆದುಕೊಂಡು ಮತ್ತೆ ಕಾಲೇಜಿಗೆ ಹೋದರೆ, ಸಹಿ ಸರಿಯಿದೆ, ಆದರೆ ವಿಜ್ಞಾನದ ಸೀಟುಗಳು ತುಂಬಿಹೋದವು ಎಂದರು. ಚರಿತ್ರೆ ಇರುವ ವಿಭಾಗದಲ್ಲಿ ಜಾಗವಿದೆಯಂತೆ. ಹೆಣ್ಣುಮಕ್ಕಳಿಗೆ ಅದೇ ಹಗುರವಂತೆ. ನಮ್ಮನ್ನು ಓಡಾಡಿಸಿದವರು ಯಾರು, ಅಷ್ಟರಲ್ಲಿ ಸೀಟು ತುಂಬಿಸಿದವರು ಯಾರು ಎಂದು ನಾನು ಶುರುಮಾಡುವುದರೊಳಗೆ ಹುಡುಗಿಯೇ ಮುಂದೆ ಬಂದಳು.

"ನಂಗೆ ಅದು ಬ್ಯಾಡ ಸಾ. ಬರೋ ವರ್ಸ ಬತ್ತೀನಿ."

ತಲೆ ತಗ್ಗಿಸದೆ ಹೇಳಿದಳು. ಬಸ್ಸಿನಲ್ಲಿ ಮಾತ್ರ ಅಪ್ಪನ ಭುಜಕ್ಕೆ ಒರಗಿ ದಾರಿಯುದ್ದಕ್ಕೂ ಅತ್ತಳು. ನಾನು ಸಮಾಧಾನ ಹೇಳಲಿಲ್ಲ. ಹೇಳಲು ನನ್ನಲ್ಲಿ ಸಮಾಧಾನವೇ ಇರಲಿಲ್ಲ.

ಆ ವರ್ಷವೆಲ್ಲ ಅವಳು ಮುಳ್ಳೂರಿನಿಂದ ನಮ್ಮ ಮನೆಗೆ ಪಾಠಕ್ಕೆ ಬರುತ್ತಿದ್ದಳು. ನನ್ನ ಹಳೆಯ ಪುಸ್ತಕಗಳನ್ನು ಇಂಗ್ಲಿಷಿನಲ್ಲೇ ಓದಿಸಿ ಅರ್ಥ ಹೇಳಿದೆ. ರೇಷ್ಮೆ ಸಾಕುತ್ತಿದ್ದ ಪಕ್ಕದ ಮನೆಯಿಂದ ಸತ್ತ ಹುಳು ತಂದು ಬ್ಲೇಡಿನಲ್ಲಿ ಸೀಳಿ, ರೇಷ್ಮೆ ಗ್ರಂಥಿ ಎಲ್ಲಿದೆ, ಕರುಳು ಎಲ್ಲಿದೆ ಎಂದು ತೋರಿಸಿದೆ. ಮೈಕ್ರೋಸ್ಕೋಪು ಇಲ್ಲ, ನನ್ನವರು ಶಾಲೆಯಿಂದ ತಂದ ಒಂದು ಭೂತಗನ್ನಡಿ ಅಷ್ಟೇ. ಜಿರಲೆ ಸೀಳಿದ ದಿನ ಅತ್ತೆ ಊಟ ಬಿಟ್ಟು ಪ್ರತಿಭಟಿಸಿದರು. ನಾನು ಜಗಲಿ ತೊಳೆದು ಮತ್ತೆ ಪಾಠಕ್ಕೆ ಕೂತೆ.

ಮುಂದಿನ ವರ್ಷ ಅರ್ಜಿ ಕರೆದ ದಿನವೇ ಹೋಗಿ ಕೊಟ್ಟೆವು. ಅಮ್ಮನ ಸಹಿ ಜೊತೆಗೇ ಇತ್ತು. ಅದೇ ಮೇಜು, ಅದೇ ಮನುಷ್ಯ. ವಿಜ್ಞಾನದ ಸೀಟು ಕೊಟ್ಟು, ಬಹಳ ಹಟದ ಹುಡುಗಿ ಎಂದು ನಕ್ಕರು. ಅವಳೂ ನಕ್ಕಳು, ಅವಳ ಅಪ್ಪನೂ ನಕ್ಕರು. ನನಗೆ ನಗು ಬರಲಿಲ್ಲ. ಕಳೆದ ವರ್ಷವೂ ಇವಳು ಇವಳೇ ಆಗಿದ್ದಳು, ಅಂಕಗಳೂ ಇವೇ ಆಗಿದ್ದವು. ಆ ಒಂದು ವರ್ಷವನ್ನು ಯಾವ ಸರ್ಕಾರ ಹಿಂದಕ್ಕೆ ಕೊಡುತ್ತದೆ?

ಸುದ್ದಿ ಹರಡಿತು. ಹನೂರಿನಿಂದ, ಲೊಕ್ಕನಹಳ್ಳಿಯಿಂದ ಮಕ್ಕಳನ್ನು ಕರೆದುಕೊಂಡು ಬರತೊಡಗಿದರು. ಯಾವ ವಿಭಾಗ ಕೇಳಬೇಕು, ಏನಂದರೆ ಏನನ್ನಬೇಕು ಎಂದು ಒಬ್ಬೊಬ್ಬರಿಗೂ ಹೇಳುತ್ತಿದ್ದೆ, ಮಕ್ಕಳಿಗೆ ಪಾಠವನ್ನೂ ಹೇಳಿಕೊಡುತ್ತಿದ್ದೆ. ಅಮ್ಮ ಯಳಂದೂರಿನಲ್ಲಿ ಕೇಳಿದವರಿಗೆಲ್ಲ ಸಹಿ ಹಾಕಿಕೊಡುತ್ತಿದ್ದರು. ಅಣ್ಣ ನನ್ನ ಜೊತೆ ಮಾತು ಬಿಟ್ಟ. ನಾನೇನೂ ಕರೆದು ಮಾತಾಡಿಸಲು ಹೋಗಲಿಲ್ಲ. ಪಾಠ ಹೇಳುವಾಗ ನನಗೆ ತಾಳ್ಮೆ ಸಾಲದು, ಬಾಯಿ ಜೋರು ಎಂದು ಮಕ್ಕಳು ಹೆದರುತ್ತಿದ್ದವು. ಒಂದು ದಿನ ಲೊಕ್ಕನಹಳ್ಳಿಯ ತಾಯಿಯೊಬ್ಬಳು, "ಯಾಕವ್ವ ಇಷ್ಟು ಸಿಟ್ಟು? ನಮ್ ಐಕ್ಳು ಏನ್ ಮಾಡವೆ?" ಎಂದು ಮೆಲ್ಲಗೆ ಕೇಳಿದಳು. ಅವು ಏನೂ ಮಾಡಿಲ್ಲ ತಾಯಿ ಎಂದೆ. ಅವಳಿಗೆ ಕಾಫಿ ಕೊಟ್ಟು, ಅವಳ ಮಗನನ್ನು ಮತ್ತೆ ಮೊದಲಿನಿಂದ ಓದು ಎಂದು ಗದರಿದೆ.